ಅಪ್ಪನ ನೋಟ್‌ಬುಕ್ ಹಳದಿಯಾಗಿದೆ, ಲ್ಯಾಮಿನೇಟ್ ಮಾಡಿಸಲಾ?

ಪ್ರಶ್ನೆ: ನಮ್ಮ ತಂದೆ ಬರೆದಿಟ್ಟ ಮೂರು ನೋಟ್‌ಬುಕ್‌ಗಳು ನನ್ನ ಹತ್ತಿರ ಇವೆ. 1970ರ ದಶಕದವು. ಮನೆಯ ಲೆಕ್ಕ, ಓದಿದ ಪುಸ್ತಕಗಳ ಟಿಪ್ಪಣಿ, ಅಲ್ಲಲ್ಲಿ ಅವರೇ ಬರೆದ ಪದ್ಯ. ಹಾಳೆಗಳೆಲ್ಲ ಹಳದಿಯಾಗಿವೆ. ಒಂದರಲ್ಲಂತೂ ಪುಟ ತಿರುವಿದರೆ ಮೂಲೆ ಮುರಿದು ಕೈಗೆ ಬರುತ್ತದೆ. ಹರಿದ ಕಡೆ ಹಿಂದೆ ಸೆಲೋಟೇಪ್ ಹಚ್ಚಿದ್ದೆ, ಅದೀಗ ಕಂದುಬಣ್ಣಕ್ಕೆ ತಿರುಗಿ ಅಂಟಂಟಾಗಿದೆ. ಸದ್ಯಕ್ಕೆ ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ನುಸಿಗುಳಿಗೆ ಇಟ್ಟು, ಗಾಳಿಯಾಡದ ಹಾಗೆ ಮುಚ್ಚಿದ್ದೇನೆ. ಪ್ರತಿ ಹಾಳೆಯನ್ನೂ ಲ್ಯಾಮಿನೇಟ್ ಮಾಡಿಸು ಅಂತ ಅಣ್ಣ ಹೇಳುತ್ತಾನೆ. ಸ್ಕ್ಯಾನ್ ಮಾಡಿ ಎಸೆದುಬಿಡಮ್ಮ ಅಂತ ಮಗಳು. ಇನ್ನೊಂದು ವಿಷಯ. ನಾನೂ ಇಪ್ಪತ್ತು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಒಂದು ನೋಟ್‌ಬುಕ್ ಕಾರಿನಲ್ಲೇ ಉಳಿದುಬಿಟ್ಟಿತ್ತು, ಆಮೇಲೆ ತೆರೆದು ನೋಡಿದರೆ ಪುಟಗಳೆಲ್ಲ ಖಾಲಿ! ಉಜ್ಜಿದರೆ ಅಳಿಯುವ ಜೆಲ್ ಪೆನ್ನಿನಲ್ಲಿ ಬರೆದಿದ್ದೆ. ಹೋಗಿದ್ದು ಹೋಯಿತಾ? ಮುಂದೆ ಎಂಥ ನೋಟ್‌ಬುಕ್, ಎಂಥ ಪೆನ್ನು ಕೊಳ್ಳಲಿ? ದುಬಾರಿಯದು ಜಾಸ್ತಿ ಬಾಳಿಕೆ ಬರುತ್ತದಾ?

ಉತ್ತರ: ಪ್ರಶ್ನೆ ನಾಲ್ಕೈದು ಕೇಳಿದ್ದೀರಿ, ಆದರೆ ಚಿಂತೆ ಒಂದೇ ಅನಿಸುತ್ತದೆ: ಕಣ್ಣೆದುರೇ ತಂದೆಯ ಅಕ್ಷರ ಪುಡಿಯಾಗಿ ಹೋಗಬಾರದು. ಹಳೆ ಕಾಗದ ಸರಿಪಡಿಸುವುದೇ ನನ್ನ ಕೆಲಸ. ನನ್ನ ಮೇಜಿಗೆ ಬರುವ ನೋಟ್‌ಬುಕ್‌ಗಳಲ್ಲಿ ಬರೀ ವಯಸ್ಸಾಗಿ ಕೆಟ್ಟವು ಕಡಿಮೆ. ಉಳಿಸೋಣ ಅಂತ ಯಾರೋ ಪ್ರೀತಿಯಿಂದ ಏನೋ ಮಾಡಿ ಕೆಟ್ಟವೇ ಜಾಸ್ತಿ. ಹಾಗಾಗಿ ಇವತ್ತೇ ಆಗಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಲ್ಯಾಮಿನೇಷನ್ ಯೋಚನೆ ಪೂರ್ತಿ ಬಿಡಿ. ನೋಟ್‌ಬುಕ್‌ಗಳನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಿರಿ. ನುಸಿಗುಳಿಗೆ ಬಿಸಾಡಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ಆ ಖಾಲಿಯಾದ ಡೈರಿ. ಇದರಲ್ಲಿ ಒಳ್ಳೆಯ ಸುದ್ದಿ ಇದೆ. ಆ ಪೆನ್ನಿನ ಶಾಯಿ ನಿಜಕ್ಕೂ ಅಳಿಯುವುದಿಲ್ಲ, ಬಣ್ಣ ಕಳೆದುಕೊಳ್ಳುತ್ತದೆ ಅಷ್ಟೇ. ಶಾಯಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಅವುಗಳೊಳಗೆ ಬಣ್ಣದ ಪದಾರ್ಥ, ಅದರ ಬಣ್ಣ ಹೊಮ್ಮಿಸುವ ಇನ್ನೊಂದು ಪದಾರ್ಥ, ಇವೆರಡೂ ಯಾವಾಗ ಸೇರಬೇಕು ಯಾವಾಗ ಬಿಡಬೇಕು ಅಂತ ಬಿಸಿ ನೋಡಿ ತೀರ್ಮಾನಿಸುವ ಮೂರನೆಯದು. ಪೆನ್ನಿನ ಹಿಂಬದಿಯ ರಬ್ಬರಿನಿಂದ ಉಜ್ಜಿದಾಗ ಹುಟ್ಟುವ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಕ್ಷರ ಮಾಯ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್‌ಗೆ ಅಷ್ಟು ಬಿಸಿ ಏನೂ ಕಷ್ಟವಲ್ಲ. ಆದರೆ ಇದೇ ಶಾಯಿ ಮೈನಸ್ 10 ಡಿಗ್ರಿಗಿಂತ ಕೆಳಗೆ ಹೋದರೆ ಮತ್ತೆ ಕಾಣಲು ಶುರುವಾಗುತ್ತದೆ, ಮೈನಸ್ 20ರ ಹತ್ತಿರ ಬಹುಪಾಲು ವಾಪಸ್ ಬರುತ್ತದೆ. ಮನೆಯ ಫ್ರಿಜ್ಜಿನ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸು ಇರುತ್ತದೆ. ನೋಟ್‌ಬುಕ್ಕನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಳಗಿನ ಗಾಳಿ ಆದಷ್ಟು ಹೊರಗೆ ಒತ್ತಿ, ಒಂದು ರಾತ್ರಿ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ. ತಣ್ಣಗಿನ ಕಾಗದದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಕೆಲವು ಗಂಟೆ ಹಾಗೇ ಬಿಟ್ಟು ಆಮೇಲೆ ತೆರೆಯಿರಿ. ಅಕ್ಷರ ಮೊದಲಿಗಿಂತ ಸ್ವಲ್ಪ ಮಂಕಾಗಿರಬಹುದು. ತಮಾಷೆ ಅಂದರೆ ನೀವು ಬೇಕಂತಲೇ ಅಳಿಸಿದ ಸಾಲುಗಳೂ ಎದ್ದು ಬರುತ್ತವೆ, ಒಂದರ ಮೇಲೊಂದು ಕೂತು ಓದಲು ಕಿರಿಕಿರಿ ಆಗಬಹುದು. ಆ ದಿನವೇ ಎಲ್ಲ ಪುಟಗಳ ಫೋಟೋ ತೆಗೆದುಬಿಡಿ, ಮತ್ತೆ ಬಿಸಿ ತಗುಲಿದರೆ ಮತ್ತೆ ಮಾಯವಾಗುತ್ತದೆ. ಈ ಪೆನ್ನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಲೆಕ್ಕ ಬಿಡಿಸಲು, ಕರಡು ಬರೆಯಲು ಚೆನ್ನಾಗಿದೆ. ಡೈರಿಗೆ, ಸಹಿಗೆ ಮಾತ್ರ ಬೇಡ.

ಈಗ ಹಳದಿ ವಿಚಾರ. ಹಳದಿಯಾಯಿತು ಅಂದರೆ ಕಾಗದ ಸತ್ತಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಹಳದಿಯಾಗುವುದು ಬೇರೆ, ಮುರುಕಲಾಗುವುದು ಬೇರೆ. ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ಜಾಸ್ತಿಯಾದ್ದರಿಂದ ಗೊಂದಲ.

ಯುರೋಪಿನಲ್ಲಿ 19ನೇ ಶತಮಾನದ ನಡುಭಾಗದವರೆಗೂ ಕಾಗದ ಆಗುತ್ತಿದ್ದದ್ದು ಮುಖ್ಯವಾಗಿ ಹತ್ತಿ, ಲಿನನ್ ಬಟ್ಟೆಯ ಚಿಂದಿಯಿಂದ. ಲಿಯೊನಾರ್ಡೊ ಡ ವಿಂಚಿ ತುಂಬಿಸಿದ ನೋಟ್‌ಬುಕ್‌ಗಳ ಸಾವಿರಾರು ಪುಟಗಳು 500 ವರ್ಷ ದಾಟಿಯೂ ಇವತ್ತಿಗೂ ತಿರುವುವ ಸ್ಥಿತಿಯಲ್ಲಿವೆ, ಅದಕ್ಕೆ ಈ ಚಿಂದಿ ಕಾಗದ ಒಂದು ದೊಡ್ಡ ಕಾರಣ. ಕಾಗದಕ್ಕೆ ಬೇಡಿಕೆ ಏರಿತು, ಚಿಂದಿ ಸಾಲಲಿಲ್ಲ. 1840ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಶ್ ಕೆಲ್ಲರ್ ಮರವನ್ನು ಅರೆದು ಪಲ್ಪ್ ಮಾಡುವ ದಾರಿ ಕಂಡುಹಿಡಿದ. ಮರ ಅರೆದರೆ ನಾರಿನ ಜೊತೆಗೆ ಲಿಗ್ನಿನ್ ಕೂಡ ಬರುತ್ತದೆ. ಮರವನ್ನು ಗಟ್ಟಿಯಾಗಿ ನಿಲ್ಲಿಸುವ ಪದಾರ್ಥ ಅದು, ಮರದ ತೂಕದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಅದೇ. ಬೆಳಕು ಮತ್ತು ಗಾಳಿ ತಗುಲಿದರೆ ಲಿಗ್ನಿನ್ ಹಳದಿಯಾಗಿ, ಕಂದಾಗಿ ತಿರುಗುತ್ತದೆ. ದಿನಪತ್ರಿಕೆ ಕಿಟಕಿ ಪಕ್ಕ ಎರಡು ದಿನ ಬಿದ್ದಿದ್ದರೆ ಸಾಕು, ಗೊತ್ತಾಗುತ್ತದೆ.

ಮುರುಕಲಾಗಿಸುವ ಆಸಾಮಿ ಬೇರೆ, ಅದು ಆಮ್ಲ. ಬರಿಯ ಕಾಗದದ ಮೇಲೆ ಶಾಯಿ ಹಾಕಿದರೆ ಹರಡಿಕೊಳ್ಳುತ್ತದೆ ಅಲ್ವಾ? ಹರಡದಿರಲಿ ಅಂತ ಕಾಗದಕ್ಕೆ ಏನಾದರೂ ಸೇರಿಸಲೇಬೇಕು. 1807ರಲ್ಲಿ ಮೋರಿಟ್ಸ್ ಇಲಿಗ್ ಅನ್ನುವ ಜರ್ಮನ್, ಮರದ ರಾಳದ ಜೊತೆ ಪಟಿಕದಂಥ ಅಲ್ಯೂಮಿನಿಯಂ ಲವಣ ಸೇರಿಸುವ ಅಗ್ಗದ ವಿಧಾನ ಪ್ರಕಟಿಸಿದ. ಮುಂದೆ ಒಂದೂವರೆ ಶತಮಾನ ಹೆಚ್ಚಿನ ಕಾಗದ ಅದೇ ದಾರಿಯಲ್ಲಿ ತಯಾರಾಯಿತು. ಈ ಲವಣ ಗಾಳಿಯ ತೇವದೊಂದಿಗೆ ಸೇರಿ ಆಮ್ಲ ಹುಟ್ಟಿಸುತ್ತದೆ. ಆಮ್ಲವು ಕಾಗದದ ನಾರು ಆಗಿರುವ ಸೆಲ್ಯುಲೋಸ್ ಅನ್ನುವ ಪದಾರ್ಥದ ಉದ್ದ ಸರಪಳಿಗಳನ್ನು ತುಂಡು ತುಂಡು ಮಾಡುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಪುಟ ಮಡಚಿದರೆ ಪಟಕ್ ಅಂತ ಮುರಿಯುತ್ತದೆ. 1980, 90ರ ದಶಕಗಳ ಹೊತ್ತಿಗೆ ಬಹಳಷ್ಟು ಕಾರ್ಖಾನೆಗಳು ಈ ರಾಳದ ವಿಧಾನ ಬಿಟ್ಟು, ಕ್ಯಾಲ್ಸಿಯಂ ಕಾರ್ಬೋನೇಟ್ ಅಂದರೆ ಸುಣ್ಣದಕಲ್ಲಿನ ಪುಡಿ ಸೇರಿಸುವ ಕಾಗದಕ್ಕೆ ಬಂದವು. ಅದು ಆಮ್ಲವನ್ನು ಹುಟ್ಟಿದಲ್ಲೇ ತಣಿಸುತ್ತದೆ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಿದ್ದು ನಿಮ್ಮ ಕಪಾಟಿನಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳಿವೆ ಅಂತ ತೋರಿಸಲು. ತಂದೆಯವರ ನೋಟ್‌ಬುಕ್‌ಗಳು ಹೆಚ್ಚುಕಡಿಮೆ ಖಂಡಿತ ಆಮ್ಲದ ಕಾಗದ. ಅಲ್ಲಿ ಕಾಗದವೇ ದುರ್ಬಲ. ನಿಮ್ಮ ಇಪ್ಪತ್ತು ವರ್ಷದ ಡೈರಿಗಳ ಕಾಗದ ಬಹುಶಃ ನಿಮಗಿಂತ ಜಾಸ್ತಿ ದಿನ ಬಾಳುತ್ತದೆ. ಅಲ್ಲಿ ದುರ್ಬಲವಾಗಿರುವುದು ಶಾಯಿ. ಹಾಗಾಗಿ ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಮೂರರಲ್ಲಿ ಎರಡು ನೋಟ್‌ಬುಕ್ ಹಳದಿ ಮಾತ್ರ ಆಗಿ, ಪುಟ ಇನ್ನೂ ಬಾಗುತ್ತದೆ ಅಂದರೆ ಅವುಗಳಿಗೆ ಗಾಬರಿ ಬೇಡ. ಹಳದಿ ಹೋಗಿಸಲೂ ಹೋಗಬೇಡಿ. ಬ್ಲೀಚ್, ನಿಂಬೆರಸ, ಬಿಸಿಲು, ಇಂಥ ಮನೆಮದ್ದುಗಳ ಕಥೆ ಬೇಕಾದಷ್ಟು ಓಡಾಡುತ್ತವೆ. ಬ್ಲೀಚ್ ನಾರನ್ನೇ ತಿನ್ನುತ್ತದೆ, ನಿಂಬೆರಸ ಅಂದರೆ ಇನ್ನಷ್ಟು ಆಮ್ಲ, ಬಿಸಿಲು ಶಾಯಿಯನ್ನು ಹೊತ್ತೊಯ್ಯುತ್ತದೆ. ಗಟ್ಟಿತನ ಪರೀಕ್ಷಿಸಲು ಮೂಲೆಯನ್ನು ಹಿಂದೆ ಮುಂದೆ ಮಡಚಿ ನೋಡುವ ಪದ್ಧತಿ ಗ್ರಂಥಾಲಯಗಳಲ್ಲಿ ಉಂಟು. ನೀವು ಮಾಡಬೇಡಿ, ಆ ಪರೀಕ್ಷೆ ಮೂಲೆಯನ್ನೇ ಬಲಿ ಕೇಳುತ್ತದೆ.

ಲ್ಯಾಮಿನೇಷನ್ ಯಾಕೆ ಬೇಡ? ಅಂಗಡಿಯ ಲ್ಯಾಮಿನೇಟರ್ ಪ್ಲಾಸ್ಟಿಕ್ಕಿನ ಒಳಮೈಯಲ್ಲಿರುವ ಅಂಟನ್ನು ಬಿಸಿ ಮಾಡಿ ಕರಗಿಸಿ ಕಾಗದದ ನಾರಿನೊಳಗೆ ಒತ್ತುತ್ತದೆ. ಆಮೇಲೆ ಅದನ್ನು ಬಿಡಿಸಲು ನನ್ನಂಥವರಿಗೂ ಆಗುವುದಿಲ್ಲ, ಒಂದು ವೇಳೆ ಬಿಡಿಸಿದರೂ ಅರ್ಧ ಅಕ್ಷರ ಪ್ಲಾಸ್ಟಿಕ್ಕಿನ ಜೊತೆಗೇ ಹೋಗುತ್ತದೆ. ಒಳಗಿನ ಆಮ್ಲ ಒಳಗೇ ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಮೇಲಾಗಿ ಲ್ಯಾಮಿನೇಟ್ ಮಾಡಬೇಕಾದರೆ ಹೊಲಿಗೆ ಬಿಚ್ಚಿ ಹಾಳೆ ಬಿಡಿ ಮಾಡಬೇಕು, ಅಲ್ಲಿಗೆ ಅದು ನೋಟ್‌ಬುಕ್ ಆಗಿ ಉಳಿಯುವುದಿಲ್ಲ. ಇದು ಮನೆಮಂದಿ ಮಾತ್ರ ಮಾಡುವ ತಪ್ಪು ಅಂದುಕೊಳ್ಳಬೇಡಿ. 1930ರ ದಶಕದಿಂದ ದೊಡ್ಡ ದೊಡ್ಡ ದಾಖಲೆ ಭಂಡಾರಗಳೇ ಸೆಲ್ಯುಲೋಸ್ ಅಸಿಟೇಟ್ ಅನ್ನುವ ಹಾಳೆಯಿಂದ ಹಳೆ ಕಾಗದಗಳನ್ನು ಲ್ಯಾಮಿನೇಟ್ ಮಾಡಿದವು. ಆ ಅಸಿಟೇಟೇ ಮುಂದೆ ಹಳಸಿ ವಿನೆಗರ್ ವಾಸನೆಯ ಆಮ್ಲ ಬಿಡಲು ಶುರುಮಾಡಿತು. ಅದನ್ನು ಬಿಡಿಸುವುದೇ ಈಗ ನಮ್ಮ ವೃತ್ತಿಯಲ್ಲಿ ಒಂದು ದೊಡ್ಡ ಕೆಲಸ.

ಬಿಡಿ ಹಾಳೆಗಳಿದ್ದರೆ ಅದಕ್ಕೆ ಬೇರೆ ದಾರಿ ಇದೆ: ಅಂಟಿಲ್ಲದ ಪಾಲಿಯೆಸ್ಟರ್ ಹಾಳೆಯ ತೆಳು ಲಕೋಟೆ, ಒಂದೆರಡು ಅಂಚು ತೆರೆದಿರುವಂಥದ್ದು. ಬೇಕೆಂದಾಗ ಹಾಳೆ ಹೊರಗೆ ತೆಗೆಯಬಹುದು. ಇದರಲ್ಲೂ ಒಂದು ತೊಂದರೆ ಇದೆ. ಪಾಲಿಯೆಸ್ಟರ್‌ಗೆ ಸ್ಥಾಯಿ ವಿದ್ಯುತ್ ಜಾಸ್ತಿ, ಪೆನ್ಸಿಲ್ ಬರಹವನ್ನೂ ಪುಡಿ ಉದುರುವ ಶಾಯಿಯನ್ನೂ ಎಳೆದುಕೊಳ್ಳುತ್ತದೆ. ಪೆನ್ಸಿಲ್ ಬರಹವಿದ್ದರೆ ಆಮ್ಲರಹಿತ ಕಾಗದದ ಮಡಿಕೆಯೇ ವಾಸಿ. ಪಿವಿಸಿ ಕವರುಗಳನ್ನಂತೂ ಮುಟ್ಟಲೇಬೇಡಿ. ಮೆತ್ತಗಿರುವ, ತೆರೆದಾಗ ಪ್ಲಾಸ್ಟಿಕ್ ವಾಸನೆ ಹೊಡೆಯುವ ಕವರ್ ಇರುತ್ತದಲ್ಲ, ಅದು ಸಾಮಾನ್ಯವಾಗಿ ಪಿವಿಸಿ. ಅದರಿಂದ ಜಿನುಗುವ ಮೃದುಕಾರಕ ಶಾಯಿಯನ್ನು ಪುಟದಿಂದ ಎತ್ತಿ ಕವರಿನ ಮೇಲೆ ಕೂರಿಸುತ್ತದೆ.

ಗಾಳಿಯಾಡದ ಚೀಲದ ಕಥೆಯೂ ಇದೇ. ಹಳೆ ಪುಸ್ತಕದ ವಾಸನೆ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಅದು ಕಾಗದ ಕರಗುತ್ತಿರುವ ವಾಸನೆ. ಸೆಲ್ಯುಲೋಸ್, ಲಿಗ್ನಿನ್ ಒಡೆದಾಗ ವೆನಿಲಿನ್, ಫರ್ಫ್ಯೂರಲ್, ಅಸಿಟಿಕ್ ಆಮ್ಲ ಮುಂತಾದವು ಆವಿಯಾಗಿ ಹೊರಬರುತ್ತವೆ. ಚೀಲ ಮುಚ್ಚಿದರೆ ಆ ಆಮ್ಲದ ಆವಿ ಅಲ್ಲೇ ಸುತ್ತಿ ಮತ್ತೆ ಕಾಗದಕ್ಕೇ ತಗುಲುತ್ತದೆ. ತೇವವೂ ಅಷ್ಟೇ, ಒಳಗೆ ಸಿಕ್ಕಿಬಿದ್ದರೆ ಹೋಗಲು ಜಾಗವಿಲ್ಲ. ನುಸಿಗುಳಿಗೆ ಬಟ್ಟೆ ತಿನ್ನುವ ಹುಳುಗಳಿಗೆ ಅಂತ ಇರುವುದು. ಬೂಷ್ಟನ್ನು ಅದು ತಡೆಯುವುದಿಲ್ಲ. ಅದರ ಹೊಗೆ ಉಸಿರಾಡುವವರಿಗೆ ಒಳ್ಳೆಯದಲ್ಲ, ವಾಸನೆ ಕಾಗದಕ್ಕೆ ಹಿಡಿದರೆ ವರ್ಷಗಟ್ಟಲೆ ಹೋಗುವುದಿಲ್ಲ.

ಹಾಗಾದರೆ ಎಲ್ಲಿಡಬೇಕು? ಆಮ್ಲರಹಿತ ರಟ್ಟಿನ ಪೆಟ್ಟಿಗೆ ಸಿಕ್ಕರೆ ಅದರಲ್ಲಿ. ಸಿಗದಿದ್ದರೆ ನೋಟ್‌ಬುಕ್ಕನ್ನು ಆಮ್ಲರಹಿತ ಬಿಳಿ ಕಾಗದದಲ್ಲಿ ಸುತ್ತಿ ಮಾಮೂಲಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಮಲಗಿಸಿಡಿ, ಮೇಲೆ ಭಾರ ಹೇರಬೇಡಿ. ಮನೆಯ ಒಳಗೋಡೆಗೆ ಒರಗಿದ ಕಪಾಟು ಒಳ್ಳೆಯದು. ಹೊರಗೋಡೆ, ನೆಲ, ಅಟ್ಟ ಮೂರೂ ಬೇಡ, ಒಂದು ಕಡೆ ತೇವ ಏರುತ್ತದೆ, ಇನ್ನೊಂದು ಕಡೆ ಕಾವು. ಗಾಳಿಯ ತೇವ ನೂರಕ್ಕೆ 35ರಿಂದ 55ರೊಳಗೆ ಇದ್ದರೆ ಕಾಗದಕ್ಕೆ ಹಿತ. 65 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಆಹ್ವಾನ. ತೇವ ಅಳೆಯುವ ಸಣ್ಣ ಮೀಟರ್ ಒಂದು ಕಪಾಟಿನಲ್ಲಿಟ್ಟರೆ ಊಹೆ ಮಾಡುವ ಕಷ್ಟ ಇರುವುದಿಲ್ಲ. ಕಾವಿನ ಬಗ್ಗೆ ನಾವು ಇಟ್ಟುಕೊಂಡಿರುವ ಒಂದು ಅಂದಾಜು ಲೆಕ್ಕ ಇದೆ: ಸುಮಾರು 5 ಡಿಗ್ರಿ ತಂಪಾದರೆ ಆಮ್ಲದ ಕಾಗದದ ಆಯಸ್ಸು ಇಮ್ಮಡಿ. ಎಸಿ ಹಾಕಿಸಿ ಅಂತ ಹೇಳುತ್ತಿಲ್ಲ. ಮನೆಯಲ್ಲೇ ಎಲ್ಲಕ್ಕಿಂತ ತಂಪಾದ, ಒಣಗಿದ, ಕತ್ತಲೆಯ ಮೂಲೆ ಯಾವುದು ಅಂತ ನೋಡಿ ಅಲ್ಲಿಡಿ. ಆರು ತಿಂಗಳಿಗೊಮ್ಮೆ ತೆರೆದು ನೋಡಿ. ಸಿಲ್ವರ್‌ಫಿಶ್ ಅನ್ನುವ ಬೆಳ್ಳಿಬಣ್ಣದ ಹುಳುವಿಗೆ ಕಾಗದದ ಮೇಲಿನ ಗಂಜಿ, ಬೈಂಡಿಂಗಿನ ಅಂಟು ಬಹಳ ರುಚಿ. ಪೆಟ್ಟಿಗೆ ಸ್ವಚ್ಛವಾಗಿ ಒಣಗಿದ್ದರೆ ಅದು ಹತ್ತಿರ ಬರುವುದು ಕಡಿಮೆ.

ಪೆಟ್ಟಿಗೆಗೆ ಹಾಕುವ ಮುಂಚೆ ಒಳಗಿರುವ ಬೇಡದ ಸಾಮಾನು ತೆಗೆಯಿರಿ: ರಬ್ಬರ್ ಬ್ಯಾಂಡ್, ಕ್ಲಿಪ್ಪು, ಪತ್ರಿಕೆಯ ತುಣುಕು, ಒಣಗಿದ ಹೂವು. ಪತ್ರಿಕೆಯ ತುಣುಕು ಇದ್ದ ಪುಟದಲ್ಲಿ ಅದರದ್ದೇ ಆಕಾರದ ಕಂದು ಕಲೆ ಬಿದ್ದಿರುವುದನ್ನು ನೀವೇ ನೋಡಿರಬಹುದು, ಅದು ಆಮ್ಲ ಪಕ್ಕದ ಪುಟಕ್ಕೆ ದಾಟಿದ ಗುರುತು. ತೆಗೆದದ್ದನ್ನು ಎಸೆಯಬೇಡಿ. ಯಾವ ಪುಟದಲ್ಲಿತ್ತು ಅಂತ ಬರೆದು ಬೇರೆ ಲಕೋಟೆಯಲ್ಲಿಡಿ. ತಂದೆಯವರು ಆ ತುಣುಕನ್ನು ಅಲ್ಲೇ ಯಾಕೆ ಇಟ್ಟರು ಅನ್ನುವುದೂ ಆ ನೋಟ್‌ಬುಕ್ಕಿನ ಒಂದು ಭಾಗ. ನಡುವಿನ ಸ್ಟೇಪಲ್ ಪಿನ್ನು ತುಕ್ಕು ಹಿಡಿದಿದ್ದರೆ ಪಿನ್ ತೆಗೆಯುವ ಇಕ್ಕಳ ಬಳಸಬೇಡಿ, ಹಾಳೆ ಹರಿಯುತ್ತದೆ. ಪಿನ್ನಿನ ಕೆಳಗೆ ತೆಳು ರಟ್ಟು ತೂರಿಸಿ, ಮಡಚಿದ ಕಾಲುಗಳನ್ನು ಮೊಂಡು ಚಾಕುವಿನಿಂದ ಮೆಲ್ಲಗೆ ಎತ್ತಿ ನೇರ ಮಾಡಿ, ಆಮೇಲೆ ಹಿಂದಿನಿಂದ ಎಳೆಯಿರಿ. ಅದೇ ತೂತುಗಳಲ್ಲಿ ಹತ್ತಿ ದಾರ ಹಾಕಿ ಸಡಿಲವಾಗಿ ಗಂಟು ಕಟ್ಟಿದರೆ ಸಾಕು. ಮುರಿಯುವ ನೋಟ್‌ಬುಕ್ಕಿಗೆ ಮಾತ್ರ ಇದನ್ನೂ ಮಾಡಬೇಡಿ.

ಟೇಪ್ ಬಗ್ಗೆ ಒಂದೇ ಮಾತು, ಎಳೆಯಬೇಡಿ. ಹಳೆ ಸೆಲೋಟೇಪಿನ ಅಂಟು ಮೊದಲು ಮೆತ್ತಗಾಗಿ ಜಿನುಗುತ್ತದೆ, ನಾರಿನೊಳಗೆ ಇಳಿದು ಹಳದಿ ಕಲೆಯಾಗುತ್ತದೆ, ಕೊನೆಗೆ ಒಣಗಿ ಪ್ಲಾಸ್ಟಿಕ್ ಪಟ್ಟಿ ತಾನಾಗೇ ಉದುರಿ ಬೀಳುತ್ತದೆ, ಕಲೆ ಉಳಿಯುತ್ತದೆ. ನಿಮ್ಮದು ಜಿನುಗುವ ಹಂತದಲ್ಲಿದೆ. ಎದುರು ಪುಟಕ್ಕೆ ಅಂಟದ ಹಾಗೆ ನಡುವೆ ಸಿಲಿಕೋನ್ ಲೇಪದ ಕಾಗದ ಇಡಿ. ಸ್ಟಿಕ್ಕರುಗಳ ಹಿಂದೆ ಇರುವ ನುಣುಪು ಹಾಳೆ ಅಂಥದ್ದೇ. ಅಂಟು ಕರಗಿಸುವ ದ್ರಾವಣಗಳು ಬಾಲ್‌ಪೆನ್ನಿನ ಶಾಯಿಯನ್ನೂ ಕರಗಿಸುತ್ತವೆ, ಹಾಗಾಗಿ ಪೆಟ್ರೋಲು, ಥಿನ್ನರು ಅಂತ ಪ್ರಯೋಗ ಬೇಡ. ಮುರಿದು ಬಿದ್ದ ಮೂಲೆಗಳನ್ನು ಪುಟದ ಸಂಖ್ಯೆ ಬರೆದ ಕಾಗದದ ಲಕೋಟೆಯಲ್ಲಿಡಿ. ಅಂಟಿಸುವ ಆಸೆ ತಡೆದುಕೊಳ್ಳಿ. ನಾವು ಹರಿದದ್ದನ್ನು ಕೂಡಿಸುವುದು ತೆಳು ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ, ಯಾಕೆಂದರೆ ನಾಳೆ ನೀರು ತಗುಲಿಸಿ ಬಿಡಿಸಬಹುದು. ಆದರೆ ತಂದೆಯವರು ಇಂಕ್ ಪೆನ್ನಿನಲ್ಲಿ ಬರೆದಿದ್ದರೆ ಆ ಅಂಟಿನ ತೇವಕ್ಕೇ ಅಕ್ಷರ ಕದಡಬಹುದು. ಆ ಕಾಲದ ಮಾಮೂಲಿ ನೀಲಿ ಶಾಯಿ ನೀರಿನಲ್ಲಿ ಕರಗುವ ಬಣ್ಣ.

ಈಗ ಮಗಳ ಮಾತು. ಅರ್ಧ ಸರಿ. ಸ್ಕ್ಯಾನ್ ಮಾಡಲೇಬೇಕು, ಮುರಿಯುವ ನೋಟ್‌ಬುಕ್ಕಿನದ್ದೇ ಮೊದಲು, ಅದೂ ಈ ತಿಂಗಳೇ. ಪ್ರತಿ ಸಲ ತಿರುವಿದಾಗಲೂ ಒಂದಿಷ್ಟು ಉದುರುವ ನೋಟ್‌ಬುಕ್ಕಿಗೆ ಪ್ರತಿ ಇದ್ದರೆ ಮೂಲವನ್ನು ಮುಟ್ಟುವ ಅಗತ್ಯವೇ ಕಡಿಮೆ. ರಾಮಾನುಜನ್ ಅವರ ಗಣಿತದ ನೋಟ್‌ಬುಕ್‌ಗಳ ಪುಟಗಳನ್ನು ಇದ್ದ ಹಾಗೇ ಫೋಟೋ ತೆಗೆದು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್ 1957ರಲ್ಲಿ ಎರಡು ಸಂಪುಟಗಳಾಗಿ ತಂದಿತು. ಆಮೇಲೆ ಮೂಲವನ್ನು ಒಮ್ಮೆಯೂ ಮುಟ್ಟದೆ ಅವರ ಕೈಬರಹದಲ್ಲೇ ಅವರ ಗಣಿತ ಓದಲು ಸಾಧ್ಯವಾಯಿತು.

ಮುರುಕಲು ನೋಟ್‌ಬುಕ್ಕನ್ನು ಸ್ಕ್ಯಾನರ್ ಗಾಜಿನ ಮೇಲೆ ಕವುಚಿ ಒತ್ತಬೇಡಿ. ಫೋನೇ ಸಾಕು. ಪೂರ್ತಿ ಬಿಚ್ಚಬೇಡಿ, ನೂರು ಡಿಗ್ರಿಯಷ್ಟು ಮಾತ್ರ ತೆರೆದು, ಎರಡೂ ಕಡೆ ರಟ್ಟಿನ ಕೆಳಗೆ ಬೇರೆ ಪುಸ್ತಕಗಳ ಆಸರೆ ಕೊಟ್ಟು, ಎಲ್ಲ ಬಲಪುಟಗಳನ್ನು ಮೊದಲು ತೆಗೆದು ಆಮೇಲೆ ಎಡಪುಟಗಳಿಗೆ ಬನ್ನಿ. ಕಿಟಕಿಯ ನೇರ ಬಿಸಿಲಲ್ಲದ ಬೆಳಕು ಚೆನ್ನಾಗಿರುತ್ತದೆ. ಫ್ಲ್ಯಾಶ್ ಬೇಡ. ಡಾಕ್ಯುಮೆಂಟ್ ಸ್ಕ್ಯಾನ್ ಮಾಡುವ ಆ್ಯಪುಗಳು ಪುಟವನ್ನು ಕಪ್ಪು ಬಿಳುಪು ಮಾಡಿ ಚಂದ ಕಾಣಿಸುತ್ತವೆ, ಆ ಭರದಲ್ಲಿ ತೆಳು ಪೆನ್ಸಿಲ್ ಗೆರೆಗಳೆಲ್ಲ ಹಾರಿಹೋಗುತ್ತವೆ. ಬಣ್ಣದಲ್ಲೇ ತೆಗೆಯಿರಿ. ಮಾಮೂಲಿ ಬರಹಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಸಾಲುತ್ತದೆ, ಮಂಕಾದ ಪೆನ್ಸಿಲ್ಲಿಗೆ 400ರಿಂದ 600 ಇದ್ದರೆ ಒಳ್ಳೆಯದು. ರಟ್ಟು, ಖಾಲಿ ಪುಟ, ಕೊನೆಯ ಪುಟದಲ್ಲಿ ಗೀಚಿದ ಫೋನ್ ನಂಬರು ಒಂದನ್ನೂ ಬಿಡಬೇಡಿ. ಕೈಗೆ ಬಿಳಿ ಹತ್ತಿ ಗವಸು ಹಾಕಬೇಕು ಅನ್ನುವುದು ಸಿನಿಮಾ ನೋಡಿ ಬಂದ ನಂಬಿಕೆ. ಗವಸು ಹಾಕಿದರೆ ಬೆರಳಿಗೆ ಅಂಚು ಗೊತ್ತಾಗದೆ ಹರಿಯುವುದೇ ಜಾಸ್ತಿ. ತೊಳೆದು ಚೆನ್ನಾಗಿ ಒರೆಸಿದ ಬರಿಗೈ ಸಾಕು.

ಎಸೆಯುವ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. 1986ರಲ್ಲಿ ಬಿಬಿಸಿ ಇಂಗ್ಲೆಂಡಿನ ಜಮೀನು, ಆಸ್ತಿಯ ಹಳೆ ಲೆಕ್ಕದ ದಾಖಲೆಯಾದ ಡೂಮ್ಸ್‌ಡೇ ಪುಸ್ತಕಕ್ಕೆ 900 ವರ್ಷ ತುಂಬಿದ ನೆನಪಿಗೆ ಇಡೀ ದೇಶದ ಮಾಹಿತಿಯನ್ನು ಲೇಸರ್ ಡಿಸ್ಕಿಗೆ ಹಾಕಿತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಆ ಡಿಸ್ಕ್ ಓದುವ ಯಂತ್ರವೇ ಸಿಗದ ಹಾಗಾಗಿ, ಪರಿಣತರು ಕೂತು ಅದನ್ನು ಪಾರು ಮಾಡಬೇಕಾಯಿತು. 1086ರ ಮೂಲ ಪುಸ್ತಕ ಮಾತ್ರ ಈಗಲೂ ಓದಲು ಬರುತ್ತದೆ. ಅದು ಚರ್ಮದ ಹಾಳೆಯದ್ದು, ಒಪ್ಪುತ್ತೇನೆ. ಆದರೂ ಕಡತ ಒಂದೇ ಕಡೆ ಇದ್ದರೆ ಅದು ಉಳಿದ ಹಾಗಲ್ಲ. ಮೂರು ಪ್ರತಿ, ಎರಡು ಬೇರೆ ಬಗೆಯ ಜಾಗ, ಒಂದು ಬೇರೆ ಮನೆಯಲ್ಲಿ, ಇದು ಕಂಪ್ಯೂಟರಿನವರೇ ಹೇಳುವ ಲೆಕ್ಕ. ಇದಕ್ಕೆ ಉಲ್ಟಾ ಕಥೆಯೂ ಇದೆ. ಡಾರ್ವಿನ್ ಜೀವವೃಕ್ಷದ ಮೊದಲ ಚಿತ್ರ ಗೀಚಿದ 1837ರ ನೋಟ್‌ಬುಕ್ಕೂ ಅದರ ಜೊತೆಗಿನ ಇನ್ನೊಂದೂ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಾಣುತ್ತಿಲ್ಲ ಅಂತ 2001ರಲ್ಲಿ ಗೊತ್ತಾಯಿತು. 2022ರ ಮಾರ್ಚಿನಲ್ಲಿ ಯಾರೋ ಗುಲಾಬಿ ಬಣ್ಣದ ಗಿಫ್ಟ್ ಚೀಲದಲ್ಲಿ ಹಾಕಿ ವಾಪಸ್ ಇಟ್ಟು ಹೋದರು. ಕಳೆಯುವ ಮುಂಚೆಯೇ ಫೋಟೋ ತೆಗೆದಿದ್ದರಿಂದ ಅಷ್ಟೂ ವರ್ಷ ಬರಹ ಮಾತ್ರ ಕಳೆದಿರಲಿಲ್ಲ. ಆದರೂ ವಾಪಸ್ ಬಂದಾಗ ಎಷ್ಟು ಖುಷಿಪಟ್ಟರು ಅಂತ ನೋಡಿದರೆ ಫೋಟೋ ಇದ್ದೂ ಮೂಲ ಯಾಕೆ ಬೇಕು ಅನ್ನುವುದು ಅರ್ಥವಾಗುತ್ತದೆ. ಪೆನ್ನು ಎಲ್ಲಿ ಒತ್ತಿದರು, ಎಲ್ಲಿ ಶಾಯಿ ಬದಲಾಯಿತು, ಯಾವ ಪುಟ ಹರಿದು ತೆಗೆದರು ಅನ್ನುವುದೆಲ್ಲ ಫೋಟೋದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಹಾಗಂತ ನಿಮ್ಮ ಸಾಮಾನು ಪಟ್ಟಿಯ ಪುಸ್ತಕ, ಕಚೇರಿಯ ಮೀಟಿಂಗ್ ನೋಟ್ಸು ಎಲ್ಲ ಕಾಪಾಡಿ ಅಂತ ಅಲ್ಲ. ಅವುಗಳಿಗೆ ಮಗಳ ಸಲಹೆಯೇ ಸರಿ.

ಕೊನೆಯದಾಗಿ ಹೊಸದು ಕೊಳ್ಳುವ ವಿಚಾರ. ಬೆಲೆಗೂ ಬಾಳಿಕೆಗೂ ನೇರ ಸಂಬಂಧವಿಲ್ಲ. ಚರ್ಮದ ರಟ್ಟು, ಎಲಾಸ್ಟಿಕ್ ಪಟ್ಟಿ, ರಿಬ್ಬನ್ನಿಗೆ ದುಡ್ಡು ಕೊಡುತ್ತೀರಿ. ಜಿಎಸ್ಎಂ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಗ್ರಾಮಿನಲ್ಲಿ, ಜಾಸ್ತಿ ಇದ್ದರೆ ಕಾಗದ ದಪ್ಪ, ಶಾಯಿ ಹಿಂಬದಿಗೆ ಕಾಣುವುದು ಕಡಿಮೆ, ಆದರೆ ದಪ್ಪ ಕಾಗದಕ್ಕೂ ಆಮ್ಲ ಇರಬಹುದು. ಆಮ್ಲರಹಿತ ಅಂತ ಬರೆದಿದ್ದರೆ ಒಳ್ಳೆಯದು. ಐಎಸ್‌ಒ 9706 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಗುರುತು ಇದ್ದರೆ ಇನ್ನೂ ಒಳ್ಳೆಯದು: ಆ ಮಾನದಂಡದ ಪ್ರಕಾರ ಕಾಗದದ ಪಿಎಚ್ (ಆಮ್ಲದ ಅಳತೆ, 7ಕ್ಕಿಂತ ಕಡಿಮೆ ಇದ್ದರೆ ಆಮ್ಲ) 7.5ರಿಂದ 10ರೊಳಗೆ ಇರಬೇಕು, ಆಮ್ಲ ತಣಿಸಲು ಸಾಕಷ್ಟು ಸುಣ್ಣದಂಶ ಇರಬೇಕು, ಲಿಗ್ನಿನ್ ತೀರಾ ಕಡಿಮೆ ಇರಬೇಕು. ಬೈಂಡಿಂಗ್ ನೋಡಲು ಮೇಲ್ತುದಿಯಿಂದ ಬೆನ್ನನ್ನು ಗಮನಿಸಿ. ಹಾಳೆಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಚಿ ದಾರದಲ್ಲಿ ಹೊಲಿದಿದ್ದರೆ ಅದನ್ನೇ ತೆಗೆದುಕೊಳ್ಳಿ. ಬರೀ ಅಂಟಿನ ಬೆನ್ನಾದರೆ ಅಂಟು ಒಣಗಿದ ದಿನ ಹಾಳೆ ಒಂದೊಂದೇ ಕೈಗೆ ಬರುತ್ತದೆ. ಸ್ಪೈರಲ್ ತಂತಿ ಬರೆಯಲು ಆರಾಮ, ಇಡಲು ಕಷ್ಟ.

ಪೆನ್ನಿಗೆ ಬಂದರೆ, ಮಾಮೂಲಿ ಬಾಲ್‌ಪೆನ್ನಿನ ಶಾಯಿ ನೀರಿಗೆ ಹೆದರುವುದಿಲ್ಲ, ಬೆಳಕಿಗೆ ಹೆದರುತ್ತದೆ. ಮುಚ್ಚಿದ ನೋಟ್‌ಬುಕ್ಕಿನಲ್ಲಿ ಬೆಳಕಿನ ಕಾಟ ಇಲ್ಲದ್ದರಿಂದ ದಶಕಗಳು ನಡೆಯುತ್ತದೆ. ಪಿಗ್ಮೆಂಟ್ ಶಾಯಿಯ, ಅಂದರೆ ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಶಾಯಿಯ, ಕಪ್ಪು ಜೆಲ್ ಪೆನ್ನು ನೀರು ಬೆಳಕು ಎರಡನ್ನೂ ತಡೆಯುತ್ತದೆ, ಡೈರಿಗೆ ನನ್ನ ಆಯ್ಕೆ ಅದು. ಜೆಲ್ ಪೆನ್ನಿನ ಮೇಲೆ ಐಎಸ್‌ಒ 27668-2, ಬಾಲ್‌ಪೆನ್ನಿನ ಮೇಲೆ ಐಎಸ್‌ಒ 12757-2 ಅಂತ ಇದ್ದರೆ ದಾಖಲೆ ಬರೆಯಲು ತಕ್ಕದ್ದು ಅಂತ ಅರ್ಥ. ಇಂಕ್ ಪೆನ್ನಿನ ಪ್ರೀತಿ ಇದ್ದರೆ ತೊಳೆದರೆ ಹೋಗುವ ನೀಲಿ ಬಿಟ್ಟು ಪಿಗ್ಮೆಂಟ್ ಶಾಯಿ ಹಾಕಿ, ಪೆನ್ನನ್ನು ಆಗಾಗ ತೊಳೆಯಿರಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಮಾಚಿಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡುವ ಹಳೆ ಕಾಲದ ಕಪ್ಪು ಶಾಯಿ ಗಟ್ಟಿಯೇ, ಆದರೆ ಅದರ ಆಮ್ಲ ಶತಮಾನಗಳಲ್ಲಿ ಅಕ್ಷರದ ಆಕಾರಕ್ಕೇ ಕಾಗದ ತಿಂದು ತೂತು ಮಾಡಿದ ಹಾಳೆಗಳನ್ನು ನಾನು ನೋಡಿದ್ದೇನೆ. ಎಲ್ಲಕ್ಕಿಂತ ಅಗ್ಗದ ಗಟ್ಟಿ ಸಾಧನ ಪೆನ್ಸಿಲ್. ಗ್ರಾಫೈಟ್ ಅಂದರೆ ಇಂಗಾಲ, ಬೆಳಕಿಗೂ ನೀರಿಗೂ ಅದು ಜಗ್ಗುವುದಿಲ್ಲ, ಉಜ್ಜಿದರೆ ಮಾತ್ರ ಮಸುಕು. ನಿಮ್ಮ ಹತ್ತಿರ ಇರುವ ಪೆನ್ನುಗಳಲ್ಲಿ ಯಾವುದು ವಾಸಿ ಅಂತ ತಿಳಿಯಲು ಒಂದು ಹಾಳೆಯ ಮೇಲೆ ಎಲ್ಲದರಲ್ಲೂ ಒಂದೊಂದು ಸಾಲು ಬರೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು ಅಂಟಿಸಿಡಿ. ಇನ್ನೊಂದು ಹಾಳೆಯ ಮೇಲೆ ನೀರಿನ ಹನಿ ಹಾಕಿ ನೋಡಿ. ಅಂಗಡಿಯವನು ಹೇಳುವುದಕ್ಕಿಂತ ಜಾಸ್ತಿ ಅಲ್ಲೇ ಗೊತ್ತಾಗುತ್ತದೆ.

ಮುರಿಯುವ ನೋಟ್‌ಬುಕ್ಕಿನ ಫೋಟೋ ಕೆಲಸ ಮುಗಿದ ಮೇಲೆ ಅದನ್ನು ಕಾಗದ ಸಂರಕ್ಷಣೆ ಮಾಡುವವರಿಗೆ ತೋರಿಸಬಹುದು. ಆಮ್ಲ ತೆಗೆಯುವ ಚಿಕಿತ್ಸೆ ಅಂತ ಒಂದಿದೆ, ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಸಂಯುಕ್ತಗಳಿಂದ ಮಾಡುತ್ತಾರೆ. ಅದು ಮುಂದಿನ ಹಾನಿ ನಿಧಾನ ಮಾಡುತ್ತದೆ, ಆಗಲೇ ಹೋದ ಗಟ್ಟಿತನ ವಾಪಸ್ ಕೊಡುವುದಿಲ್ಲ, ಕೆಲವು ಶಾಯಿಗಳ ಬಣ್ಣವನ್ನೂ ಬದಲಾಯಿಸಬಹುದು. ಹಾಗಾಗಿ ಹೋದಾಗ ಕೇಳಿ: ಶಾಯಿಯನ್ನು ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸುತ್ತೀರಾ, ಮಾಡಿದ್ದನ್ನು ಮುಂದೆ ಬಿಡಿಸಲು ಬರುತ್ತದಾ, ಮುಂಚಿನ ಮತ್ತು ಆಮೇಲಿನ ಫೋಟೋ ಕೊಡುತ್ತೀರಾ. ಈ ಮೂರಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ನೋಟ್‌ಬುಕ್ ಎತ್ತಿಕೊಂಡು ವಾಪಸ್ ಬನ್ನಿ. ಟೇಪ್ ಇರುವ ಪುಟಗಳನ್ನೂ ಅವರಿಗೆ ಅದೇ ದಿನ ತೋರಿಸಿ. ಬಾಗುವ ಎರಡು ನೋಟ್‌ಬುಕ್‌ಗಳಿಗೆ ಸದ್ಯಕ್ಕೆ ಪೆಟ್ಟಿಗೆ ಸಾಕು.